ಹನ್ನೊಂದು ಸೆಕೆಂಡಿನ ಚಳಿ

"ಕೆಂಪು ಸ್ವೆಟರು ಮುಂದೆ ಬರ್ಲಿ, ಬೂದು ಅಂಗಿ ಹಿಂದೆ. ನೀವಲ್ಲ ಸರ್, ನಿಮ್ಮ ಪಕ್ಕದವ್ರು. ಬೇಜಾರು ಮಾಡ್ಕೋಬೇಡಿ, ಬೂದು ಬಣ್ಣ ಟೀವೀಲಿ ಸತ್ತ ಹಾಗೆ ಕಾಣುತ್ತೆ," ಎನ್ನುತ್ತ ಡೆಲ್ಬರ್ಟ್ ಹಾಸ್ಕಿನ್ಸ್ ಮೆರವಣಿಗೆಯ ದಾರಿಗೆ ಕಟ್ಟಿದ ಹಗ್ಗದುದ್ದಕ್ಕೂ ಅಡ್ಡಾಡುತ್ತಿದ್ದ. ಬೂದು ಅಂಗಿಯವನು ಹಿಂದೆ ಸರಿದ. ಸರಿಯುವಾಗ ಅವನ ಮುಖದಲ್ಲಿ ಕಂಡದ್ದನ್ನು ಡೆಲ್ಬರ್ಟ್ ನೋಡಲಿಲ್ಲ. ನಲವತ್ತು ವರ್ಷಗಳಿಂದ ನೋಡದೇ ಇರುವುದನ್ನು ಅಭ್ಯಾಸ ಮಾಡಿಕೊಂಡಿದ್ದ. ಬೆಳಿಗ್ಗೆ ಎಂಟೂವರೆಗೇ ಬಿಸಿಲು ಕುತ್ತಿಗೆಯ ಮೇಲೆ ಕೈಯಿಟ್ಟ ಹಾಗೆ ಕೂತಿತ್ತು. ಹಗ್ಗದ ಆಚೆ ನಾನ್ನೂರು ಜನ ಉಣ್ಣೆಯಲ್ಲಿ ಬೇಯುತ್ತಿದ್ದರು: ಮಫ್ಲರು, ಕೈಗವಸು, ಕಿವಿ ಮುಚ್ಚುವ ಟೊಪ್ಪಿ. ಎಲ್ಲ ಆ ಮನರಂಜನಾ ಪಾರ್ಕಿನವರೇ ಪೆಟ್ಟಿಗೆಗಳಲ್ಲಿ ತಂದು ಹಂಚಿದ್ದು. ಸಂಜೆ ವಾಪಸು ಕೊಡಬೇಕು. ಫ್ಲಾರಿಡಾದಲ್ಲಿ ಇಂಥ ಬಟ್ಟೆ ಯಾರ ಮನೆಯಲ್ಲೂ ಇರುವುದಿಲ್ಲ.

"ಹಬ್ಬಕ್ಕೆ ಇನ್ನೂ ಮೂರು ವಾರ ಇದೆಯಲ್ರೀ," ಅಂದ ಓಹಾಯೋದ ಕಡೆಯ ಒಬ್ಬ ದಡಿಯ, ಮಫ್ಲರಿನ ತುದಿಯಿಂದ ಹಣೆ ಒರೆಸಿಕೊಳ್ಳುತ್ತ. "ಈಗ್ಲೇ ಮೆರ್ರಿ ಕ್ರಿಸ್‌ಮಸ್ ಅಂತ ಕೂಗಿಸ್ಕೊಂಡು ಅವತ್ತು ಬೆಳಿಗ್ಗೆ ಟೀವೀಲಿ ಹಾಕ್ತೀರಿ. ಅಷ್ಟರಲ್ಲಿ ನಾನು ಸತ್ತೇ ಹೋದ್ರೆ?"

"ಸತ್ರೇನು, ಟೀವೀಲಿ ಬರ್ತೀಯಲ್ಲ," ಅಂದಳು ಅವನ ಹೆಂಡತಿ. "ಬದುಕಿದ್ದಾಗ ಒಂದ್ಸಲಾನೂ ನಕ್ಕಿಲ್ಲ. ಇವತ್ತಾದ್ರೂ ನಗು, ಇಟ್ಕೊಂಡು ನೋಡ್ತೀನಿ."

ಸುತ್ತಲಿನವರು ನಕ್ಕರು. ಡೆಲ್ಬರ್ಟ್ ಕೂಡ ನಕ್ಕ. ತಲೆಯ ಮೇಲಿನ ಬಟ್ಟೆಯ ಜಿಂಕೆ ಕೊಂಬು ಅಲ್ಲಾಡಿತು. ಅರವತ್ತೆಂಟರ ತಲೆಗೆ ಕೊಂಬು. ಜನ ನಿಲ್ಲಿಸುವವರೆಲ್ಲ ಹಾಕಿಕೊಳ್ಳಲೇಬೇಕೆಂದು ಎರಡು ವರ್ಷದ ಹಿಂದೆ ಯಾರೋ ನಿಯಮ ಮಾಡಿದ್ದರು. ನಗುತ್ತಲೇ ಅವನು ಗಡಿಯಾರ ನೋಡಿದ. ಹತ್ತು ಗಂಟೆಗೆ ಅಕ್ಕ ರೊವೀನಾ ಬರುತ್ತಾಳೆ. ಹತ್ತಕ್ಕೆ ಬಂದು, ಮೂವತ್ತೈದು ವರ್ಷದ ಹಿಂದೆ ಇದೇ ಹಗ್ಗದ ಬಳಿ ಕೂತಿದ್ದ ಅಮ್ಮನ ಹನ್ನೊಂದು ಸೆಕೆಂಡಿನ ಚಿತ್ರ ನೋಡುತ್ತಾಳೆ. ಆ ಚಿತ್ರ ಟೀವಿಯಲ್ಲಿ ಬರಲೇ ಇಲ್ಲ, ಕತ್ತರಿಸಿ ಎಸೆದುಬಿಟ್ಟರು ಎಂದು ಅಕ್ಕನಿಗೆ ಹೇಳಿದವನು ಅವನೇ. ಹತ್ತಕ್ಕೆ ಮುಂಚೆ ಫೋನು ಮಾಡಿ ಹೇಳಿಬಿಡಬೇಕು. ಏನೆಂದು? ರೋ, ಒಂದು ವಿಷಯ. ರೋ, ನಿನಗೆ ನೆನಪಿರಬಹುದು. ರೋ, ನಾನು ಸುಳ್ಳು ಹೇಳಿದೆ. ಮೂರನೆಯದು ಚಿಕ್ಕದು, ಅಚ್ಚುಕಟ್ಟು. ಆದರೆ ಅದರ ಬೆನ್ನಿಗೇ ಯಾಕೆ ಎಂಬ ಪ್ರಶ್ನೆ ಬರುತ್ತದೆ, ಅದಕ್ಕೆ ಚಿಕ್ಕ ಉತ್ತರವಿಲ್ಲ.

ದೂರದಲ್ಲಿ ಹಿತ್ತಾಳೆ ವಾದ್ಯಗಳ ಹಾಡು ಧ್ವನಿವರ್ಧಕದಲ್ಲಿ ಶುರುವಾಗಿ, ನಿಂತು, ಮತ್ತೆ ಶುರುವಾಯಿತು. ಮೆರವಣಿಗೆಯ ಕೊನೆಯ ಬಂಡಿ ಮೊದಲು ಬಂತು. ಬೆಳಿಗ್ಗೆಯ ಬಿಸಿಲು ಕೆಂಪು ಬಣ್ಣಕ್ಕೆ ಒಳ್ಳೆಯದೆಂದು ಸಾಂತಾ ಕ್ಲಾಸ್‌ನನ್ನು ಎಲ್ಲರಿಗಿಂತ ಮೊದಲು ಚಿತ್ರೀಕರಿಸಿ ಮುಗಿಸುತ್ತಾರೆ. ಆತ ಹನ್ನೊಂದಕ್ಕೆಲ್ಲ ಗಡ್ಡ ಬಿಚ್ಚಿಟ್ಟು ಮನೆಗೆ ಹೋಗಿರುತ್ತಾನೆ. ಅವನು ಹೋದ ಮೇಲೆ ಅವನು ಬರುವ ಮುನ್ಸೂಚನೆಯ ತುತ್ತೂರಿ, ಆಮೇಲೆ ಗೊಂಬೆ ಸಿಪಾಯಿಗಳು, ಮಧ್ಯಾಹ್ನದ ಹೊತ್ತಿಗೆ "ಇಗೋ ಶುರುವಾಯಿತು" ಎನ್ನುವ ನಿರೂಪಕರು. ಮೊದಮೊದಲು ಹೀಗಿರಲಿಲ್ಲ. ಡೆಲ್ಬರ್ಟ್ ಕೆಲಸಕ್ಕೆ ಸೇರಿದ ವರ್ಷ ಮೆರವಣಿಗೆ ಕ್ರಿಸ್‌ಮಸ್ ಬೆಳಿಗ್ಗೆಯೇ ನಡೆಯುತ್ತಿತ್ತು, ನಡೆಯುತ್ತಿರುವಾಗಲೇ ದೇಶವೆಲ್ಲ ನೋಡುತ್ತಿತ್ತು. ಒಮ್ಮೆ ಮಂಜುಗನ್ನಿಕೆಯ ಬಂಡಿಯೆಳೆಯುವ ಕುದುರೆ ನಡುರಸ್ತೆಯಲ್ಲಿ ನಿಂತು, ನಿಧಾನವಾಗಿ, ಕಸುಬುದಾರನ ತಾಳ್ಮೆಯಿಂದ ಲದ್ದಿ ಹಾಕಿತು. ನಿರೂಪಕಿ ಮಾತು ತಪ್ಪಿ ಬಿದ್ದು ಬಿದ್ದು ನಕ್ಕಳು. ಮರುವರ್ಷ ಮಳೆ. ಅದರ ಮರುವರ್ಷದಿಂದ ನವೆಂಬರಿನ ಕೊನೆಗೋ ಡಿಸೆಂಬರಿನ ಮೊದಲ ವಾರಕ್ಕೋ ಚಿತ್ರೀಕರಿಸಿ ಡಬ್ಬಿಯಲ್ಲಿಡುವುದು ಶುರುವಾಯಿತು. ಕುದುರೆಗಳು ಹೋದವು. ಸಾಬೂನಿನ ನೊರೆಯ ಹಿಮ ಬಂತು. ಅದರ ಮೇಲೆ ಜಾರಿ ಒಬ್ಬ ಸಿಪಾಯಿ ಮಂಡಿ ಮುರಿದುಕೊಂಡ. ಅವನು ಬಿದ್ದ ಚಿತ್ರ ಕತ್ತರಿಸಿ, ಹಿಂದಿನ ಸುತ್ತಿನಲ್ಲಿ ಅವನು ಸಲಾಮು ಹೊಡೆದದ್ದನ್ನು ಹಾಕಿದರು. ಬರಬರುತ್ತ ಹಾಡುಗಾರರು ಹೆಚ್ಚಾದರು, ಮೆರವಣಿಗೆ ಕಮ್ಮಿಯಾಯಿತು. ಈಗ ಎರಡು ಗಂಟೆಯ ಕಾರ್ಯಕ್ರಮದಲ್ಲಿ ಮೆರವಣಿಗೆ ಕಾಣುವುದು ಎಲ್ಲ ಸೇರಿ ಹದಿನಾಲ್ಕು ನಿಮಿಷ. ಅದೇ ಹದಿನಾಲ್ಕು ನಿಮಿಷಕ್ಕೆ ನಾನ್ನೂರು ಜನ ಉಣ್ಣೆಯಲ್ಲಿ ಆರು ಗಂಟೆ ನಿಲ್ಲಬೇಕು.

"ಕೋಟು ತೆಗೀಬೇಡಿ," ಎಂದು ಕೂಗಿದ ಡೆಲ್ಬರ್ಟ್. "ಸುತ್ತು ಮುಗಿಯೋ ತನಕ ಯಾರೂ ಏನೂ ತೆಗೀಬೇಡಿ. ಒಂದು ಸುತ್ತಲ್ಲಿ ಕೋಟಿದ್ದು ಇನ್ನೊಂದ್ರಲ್ಲಿ ಇಲ್ಲಾಂದ್ರೆ ಎಲ್ಲ ಮೊದಲಿಂದ ಮಾಡ್ಬೇಕಾಗುತ್ತೆ." ಬಾಯಿ ತಾನಾಗಿಯೇ ಹೇಳಿತು. ಅದೇ ಮಾತು, ಅದೇ ಏರಿಳಿತ. ಈಗ ಆದರೂ ನೀರಿನ ಬಾಟಲಿ ಉಂಟು, ಗಾಳಿ ಬೀಸುವ ಯಂತ್ರ ಉಂಟು, ಹಿಂದೆ ಡೇರೆಯಲ್ಲಿ ನರ್ಸು ಉಂಟು. ಆಗ ಏನೂ ಇರಲಿಲ್ಲ. ಆಗ ಅವನಿಗೆ ಮೂವತ್ತಮೂರು. ಕೈಯಲ್ಲಿ ತುತ್ತೂರಿಯಂಥ ಮೈಕು, ಜೇಬಿನಲ್ಲಿ ಮೇಲಧಿಕಾರಿಯಾಗುವ ಆಸೆ. ಹೇನ್ಸ್ ಸಿಟಿಯ ಕಿತ್ತಳೆ ಪ್ಯಾಕಿಂಗ್ ಶೆಡ್ಡಿನಲ್ಲಿ ನಲವತ್ತು ವರ್ಷ ಹಣ್ಣು ಆರಿಸಿದ ತಾಯಿಗೆ ಒಂದು ಸಂತೋಷ ಕೊಡುತ್ತೇನೆಂದು ಅವನೇ ಕರೆತಂದಿದ್ದ. ಮೊದಲ ಸಾಲಿನಲ್ಲಿ ಮಡಚುವ ಕುರ್ಚಿ ಹಾಕಿ ಕೂರಿಸಿ, ಪೆಟ್ಟಿಗೆಯಿಂದ ಎಲ್ಲಕ್ಕಿಂತ ಒಳ್ಳೆಯ ಕೋಟು ಹುಡುಕಿ ತೊಡಿಸಿದ್ದ. ಕಡುಹಸಿರು, ದಪ್ಪ, ಕಾಲರಿಗೆ ತುಪ್ಪಳ. "ರಾಣಿ ಥರ ಕಾಣ್ತೀಯ," ಅಂದಿದ್ದ. "ರಾಣಿಗಳು ಬೆವರ್ತಾರೇನೋ?" ಅಂದಿದ್ದಳು ಓಪಲ್ ಹಾಸ್ಕಿನ್ಸ್, ಎಪ್ಪತ್ತೊಂದು ವರ್ಷ, ಹೃದಯಕ್ಕೆ ದಿನಾ ಎರಡು ಮಾತ್ರೆ.

ಫೋನು ಅದುರಿತು. ರೊವೀನಾ ಅಲ್ಲ, ಬ್ರಿನ್. ಐವತ್ತು ವರ್ಷದ ಟೀವಿ ಮೆರವಣಿಗೆಗಳ ಚರಿತ್ರೆಯೆಂದು ಒಂದು ಗಂಟೆಯ ಕಾರ್ಯಕ್ರಮ ಮಾಡುತ್ತಿರುವ ಹುಡುಗಿ, ಇಪ್ಪತ್ತೇಳೋ ಇಪ್ಪತ್ತೆಂಟೋ. ಹಳೆಯ ಟೇಪುಗಳ ಪೆಟ್ಟಿಗೆಗಳಲ್ಲಿ ನಾಲ್ಕು ತಿಂಗಳು ಕೂತು ನೋಡಿದ್ದಾಳೆ. "ಮಿಸ್ಟರ್ ಡೆಲ್, ನಿಮ್ಮ ಅಕ್ಕ ಆಗ್ಲೇ ಬಂದುಬಿಟ್ರು! ಬಿಸಿಲಲ್ಲಿ ಯಾಕೇಂತ ಮಿಠಾಯಿ ಅಂಗಡಿ ಹಿಂದಿನ ತಂಪು ಕೋಣೇಲಿ ಕೂರಿಸಿದೀನಿ. ಈ ಸುತ್ತು ಮುಗಿದ ತಕ್ಷಣ ಬನ್ನಿ. ನೀವಿಲ್ದೆ ಹಾಕಲ್ಲ."

ಒಂಬತ್ತೂ ಇಪ್ಪತ್ತು. ಅವನ ನಲವತ್ತು ನಿಮಿಷವನ್ನು ಯಾರೋ ಕಿತ್ತುಕೊಂಡ ಹಾಗಾಯಿತು. ಆದರೂ ಎದೆಯ ಮೂಲೆಯಲ್ಲಿ ಒಂದು ಹಾಳು ನೆಮ್ಮದಿ: ಇನ್ನು ಫೋನು ಮಾಡಬೇಕಾಗಿಲ್ಲ. ಅಕ್ಕ ಎಲ್ಲಕ್ಕೂ ಬೇಗ ಬರುವವಳೇ. ಆ ವರ್ಷ ಕ್ರಿಸ್‌ಮಸ್ ಬೆಳಿಗ್ಗೆಯೂ ಮೆರವಣಿಗೆ ಶುರುವಾಗಲು ಗಂಟೆಯಿರುವಾಗಲೇ ಲೇಕ್‌ಲ್ಯಾಂಡಿನ ತನ್ನ ಮನೆಯಲ್ಲಿ ಟೀವಿ ಮುಂದೆ ಕೂತಿದ್ದಳು. ಅಮ್ಮ ಹೋಗಿ ಎರಡು ವಾರವಾಗಿತ್ತು. ಚಿತ್ರೀಕರಣವಾದ ಒಂಬತ್ತನೆಯ ದಿನ, ಅಡುಗೆಮನೆಯಲ್ಲಿ, ಸ್ಟೌ ಮೇಲೆ ಅವರೆಕಾಳು ಇಟ್ಟುಕೊಂಡು. ಈ ಹೃದಯ ಇಷ್ಟು ದಿನ ನಡೆದದ್ದೇ ಹೆಚ್ಚು ಅಂದರು ಡಾಕ್ಟರು. ಡೆಲ್ಬರ್ಟ್ ಆ ಮಾತನ್ನು ಔಷಧದ ಚೀಟಿಯ ಹಾಗೆ ಮಡಚಿ ಇಟ್ಟುಕೊಂಡ. ಟೇಪಿನಲ್ಲಿ ಅಮ್ಮ ಇರುತ್ತಾಳೆ, ನಗುತ್ತ ಕೈಬೀಸುತ್ತಾಳೆ ಎಂಬುದೇ ರೊವೀನಾಳಿಗೆ ಆ ಎರಡು ವಾರದ ಊಟ. ಆದರೆ ಆ ಹಬ್ಬದ ಹಿಂದಿನ ರಾತ್ರಿ ಫ್ಲಾರಿಡಾದಲ್ಲಿ ನಿಜವಾದ ಚಳಿ ಬಿತ್ತು. ಕಂಡು ಕೇಳರಿಯದ ಚಳಿ. ಕಿತ್ತಳೆ ಹಣ್ಣುಗಳು ಗಿಡದ ಮೇಲೇ ಹೆಪ್ಪುಗಟ್ಟಿದವು, ನಲ್ಲಿ ಒಡೆದವು. ಎಲ್ಲರೂ ಒಟ್ಟಿಗೆ ಹೀಟರು ಹಾಕಿ ಕರೆಂಟು ಸಾಲದೆ ಊರೂರಿಗೆ ಸರದಿಯ ಮೇಲೆ ತೆಗೆಯತೊಡಗಿದರು. ಕಿಸ್ಸಿಮಿಯ ಅವನ ಮನೆಯಲ್ಲಿ ಕರೆಂಟಿತ್ತು. ಅಕ್ಕನ ಮನೆಯಲ್ಲಿ, ಟೀವಿಯಲ್ಲಿ ತುತ್ತೂರಿ ಊದುತ್ತಿದ್ದ ಹಾಗೇ ಹೋಯಿತು.

ಅವನು ನೋಡಿದ. ಕಂಬಳಿ ಹೊದ್ದು, ಬಾಯಿಂದ ಆವಿ ಬಿಡುತ್ತ, ಬಿಸಿಲಿನಲ್ಲಿ ಹೊಳೆಯುವ ಸತ್ತ ತಾಯಿಯನ್ನು ನೋಡಿದ. ಅವಳು ಬಲ ಹೆಗಲಿನಿಂದ ಕೋಟು ಇಳಿಸುತ್ತಾಳೆ. ಚೌಕಟ್ಟಿನ ಎಡಗಡೆಯಿಂದ ಒಂದು ಕೈ ಬರುತ್ತದೆ, ಬರೀ ಕೈ, ಮೊಣಕೈವರೆಗೆ. ಅದು ಕೋಟನ್ನು ಮೇಲೆಳೆದು ಹೆಗಲಿಗೆ ಕೂರಿಸಿ, ಎರಡು ಸಲ ತಟ್ಟುತ್ತದೆ. ಅವಳು ಆ ಕಡೆ ತಿರುಗಿ ಏನೋ ಅನ್ನುತ್ತಾಳೆ. ಆಮೇಲೆ ಈ ಕಡೆ ತಿರುಗಿ ನಗುತ್ತಾಳೆ, ಕೈಬೀಸುತ್ತಾಳೆ. ಮೇಲೆ ನೊರೆ ಉದುರುತ್ತದೆ. ನಿರೂಪಕಿಯ ದನಿ: "ಅಬ್ಬ, ಎಷ್ಟು ಮುದ್ದು! ಅಜ್ಜಿಗೆ ಚಳಿಯಾಗದ ಹಾಗೆ ಯಾರೋ ನೋಡ್ಕೊಳ್ತಿದಾರೆ." ಮೂರು ನಿಮಿಷಕ್ಕೆ ಫೋನು ಬಂತು. "ಕರೆಂಟು ಹೋಯ್ತು ಕಣೋ ಡೆಲ್, ಹಾಳಾದ್ದು ಈಗ್ಲೇ ಹೋಯ್ತು. ಅಮ್ಮ ಬಂದ್ಳಾ? ಹೇಗಿದ್ಳು?" ರಿಸೀವರು ಕೈಯಲ್ಲಿ ತಣ್ಣಗಿತ್ತು. ಇದ್ದಳು ಅಂದರೆ ಹೇಗಿದ್ದಳು ಎಂದು ಹೇಳಬೇಕು. ಮಧ್ಯಾಹ್ನ ಯಾವ ಸ್ನೇಹಿತೆಯಾದರೂ ರೆಕಾರ್ಡು ಮಾಡಿದ್ದು ತಂದು ತೋರಿಸುತ್ತಾಳೆ. ಅವಳು ಆ ಕೈ ನೋಡುತ್ತಾಳೆ. ಅಮ್ಮ ನೆರಳಿನಲ್ಲಿ ಕೂತಿದ್ದಳು, ತಂಪಾಗಿದ್ದಳು ಎಂದು ಸಾವಿನ ಮನೆಯಲ್ಲಿ ಆಗಲೇ ಹೇಳಿಯಾಗಿತ್ತು. "ಇಲ್ಲ ರೋ," ಅಂದ. "ತೆಗೆದುಹಾಕಿದಾರೆ. ಬರೀ ಸಿಪಾಯಿಗಳ್ನೇ ತೋರಿಸಿದ್ರು." "ಸರಿ. ನೀನು ಬೆಚ್ಚಗಿರು," ಅಂದಳು.

ಸ್ನೇಹಿತೆಯರ ಬಳಿ ಅವಳು ಕೇಳಲಿಲ್ಲ. ತಮ್ಮನ ಮಾತಿನ ಮೇಲೆ ಕೇಳುವುದೇನಿತ್ತು. ಆದರೆ ಪಾರ್ಕಿಗೆ ಪತ್ರ ಬರೆದಳು. ಕತ್ತರಿಸಿದ ತುಂಡು ಇಟ್ಟಿದ್ದರೆ ದಯವಿಟ್ಟು ಒಮ್ಮೆ ನೋಡಲು ಬಿಡಿ ಎಂದು, ಎರಡು ಮೂರು ವರ್ಷಕ್ಕೊಮ್ಮೆ, ಪ್ಯಾಕಿಂಗ್ ಶೆಡ್ಡಿನ ಲೆಕ್ಕದ ಚೀಟಿಗಳಲ್ಲಿ ಪಳಗಿದ ಕೈಬರಹದಲ್ಲಿ. ಬರೆದದ್ದನ್ನು ಅವನಿಗೆ ಹೇಳುತ್ತಿದ್ದಳು. ಅಚ್ಚು ಹಾಕಿದ ಉತ್ತರ ಬರುತ್ತಿತ್ತು. ಅದನ್ನೂ ಓದಿ ಹೇಳುತ್ತಿದ್ದಳು. ಅವನು "ಅಯ್ಯೋ" ಅನ್ನುತ್ತಿದ್ದ. ಮೂವತ್ತೈದು ವರ್ಷ ಅವಳ ಪತ್ರಗಳು ಬಂದು ಬೀಳುವ ಕಟ್ಟಡದ ಮುಂದೆಯೇ ಅವನ ಸೈಕಲ್ಲು ನಿಲ್ಲುತ್ತಿತ್ತು. ಅದೇ ಪತ್ರಗಳ ಕಟ್ಟು ಬ್ರಿನ್ ಕೈಗೆ ಸಿಕ್ಕಿತು. ಪತ್ರದಲ್ಲಿ ಹಸಿರು ಕೋಟು, ಟೇಪಿನಲ್ಲೂ ಹಸಿರು ಕೋಟು.

ಸುತ್ತು ಮುಗಿಯಿತು. ನಾನ್ನೂರು ಜನ ಒಟ್ಟಿಗೆ ಉಸಿರು ಬಿಟ್ಟು ಗುಂಡಿ ಬಿಚ್ಚಿದರು. ಡೆಲ್ಬರ್ಟ್ ಹಗ್ಗ ದಾಟಿ, ನೊರೆಯಲ್ಲಿ ಜಾರದಂತೆ ಕಾಲಿಡುತ್ತ, ಮಿಠಾಯಿ ಅಂಗಡಿಯ ಹಿಂಬಾಗಿಲಿಗೆ ಹೋದ. ಬಾಗಿಲ ಹತ್ತಿರ ಕೊಂಬು ತೆಗೆಯಬೇಕೆಂದು ಕೈಯೆತ್ತಿದ. ಕ್ಲಿಪ್ಪು ಕೂದಲಿಗೆ ಸಿಕ್ಕಿಕೊಂಡಿತ್ತು, ಬಿಟ್ಟ.

"ಅಯ್ಯೋ, ಇದೇನೋ ಅವತಾರ?" ಅಂದಳು ರೊವೀನಾ. ಎಪ್ಪತ್ನಾಲ್ಕರ ಗಟ್ಟಿ ಮುದುಕಿ, ಚರ್ಚಿಗೆ ಹೋಗುವ ನೀಲಿ ಉಡುಪು, ತೊಡೆಯ ಮೇಲೆ ಕೈಚೀಲ. "ಕೊಂಬು ಬಂದಿದ್ದು ಯಾವಾಗ? ಹೆಂಡ್ತಿ ಬಿಟ್ಟುಹೋದಾಗ್ಲೇ ಬಂದಿತ್ತಾ, ನಾನೇ ನೋಡ್ಲಿಲ್ವಾ?"

"ಡ್ಯೂಟಿ ಕಣೇ."

"ಡ್ಯೂಟಿಯಂತೆ. ಈ ವಯಸ್ಸಲ್ಲಿ ನಿವೃತ್ತಿ ತಗೊಂಡು ಮನೇಲಿ ಕಾಲು ಚಾಚ್ಕೊಂಡು ಬಿದ್ದಿರೋದು ಬಿಟ್ಟು. ಬೆವರು ನೋಡು, ಒರೆಸ್ಕೋ. ಈ ಮಗು ಎಷ್ಟು ಒಳ್ಳೇದು ಗೊತ್ತಾ? ಲೇಕ್‌ಲ್ಯಾಂಡಿಗೆ ಕಾರು ಕಳಿಸಿದೆ. ನನ್ನ ಪತ್ರ ಎಲ್ಲ ಇಟ್ಕೊಂಡಿದೆ. ನೀನು ಇಲ್ಲೇ ಇದ್ದೂ ಒಂದು ತುಂಡು ಹುಡುಕ್ಲಿಲ್ಲ, ದಂಡ."

"ಮಿಸ್ಟರ್ ಡೆಲ್‌ರನ್ನ ಆ ಪೆಟ್ಟಿಗೆಗಳ ಹತ್ರ ಬಿಡ್ತಿರ್ಲಿಲ್ಲ ಮೇಡಂ," ಅಂದಳು ಬ್ರಿನ್, ಅವನ ಪರವಾಗಿ, ಒಳ್ಳೆಯ ಮನಸ್ಸಿನಿಂದ. ಡೆಲ್ಬರ್ಟನಿಗೆ ಅವಳ ಒಳ್ಳೆಯತನದ ಭಾರ ತಾಳಲಾಗಲಿಲ್ಲ. ಕೋಣೆ ತಣ್ಣಗಿತ್ತು, ಬೆನ್ನಿನ ಬೆವರು ಒಮ್ಮೆಗೇ ತಣ್ಣಗಾಗಿ ಅಂಗಿ ಅಂಟಿಕೊಂಡಿತು. ಬ್ರಿನ್ ಗೋಡೆಯ ಪರದೆಯ ಕಡೆ ಕೈ ತೋರಿಸಿ ವಿವರಿಸತೊಡಗಿದಳು: ಮಸುಕಾಗಿದ್ದದ್ದನ್ನು ಹೇಗೆ ತೊಳೆದರು, ಬಣ್ಣ ಹೇಗೆ ಬಂತು, ಕಾರ್ಯಕ್ರಮದ ಕೊನೆಗೆ ಇದನ್ನೇ ಹಾಕುವುದೆಂದು ಎಲ್ಲರೂ ಒಪ್ಪಿದ್ದು ಹೇಗೆ. ಐವತ್ತು ವರ್ಷದ ಟೇಪಿನಲ್ಲಿ ಇಷ್ಟು ಅಕ್ಕರೆಯ ಹನ್ನೊಂದು ಸೆಕೆಂಡು ಇನ್ನೊಂದಿಲ್ಲ. ಮಕ್ಕಳಿಬ್ಬರೂ ಒಪ್ಪಿಗೆಗೆ ಸಹಿ ಮಾಡಿದರೆ ಸಾಕು.

"ಅವತ್ತು ಹಾಕ್ಲೇ ಇಲ್ವಲ್ಲ, ಈಗ್ಲಾದ್ರೂ ಹಾಕ್ತಿದೀರಿ," ಅಂದಳು ರೊವೀನಾ.

ಬ್ರಿನ್‌ಗೆ ಅರ್ಥವಾಗಲಿಲ್ಲ. "ಇಲ್ಲ ಮೇಡಂ, ಅವತ್ತೂ ಬಂದಿತ್ತು. ಆ ವರ್ಷದ ಟೀವಿ ಟೇಪಿಂದ್ಲೇ ತೆಗೆದಿದ್ದು ಇದು."

ಇಷ್ಟು ಸುಲಭವಾಗಿ ಆಯಿತು ಅದು. ಕಪಾಟು ಬೀಳಲಿಲ್ಲ, ಯಾರೂ ಕಿರುಚಲಿಲ್ಲ. ರೊವೀನಾ ತಮ್ಮನ ಕಡೆ ತಿರುಗಿದಳು, ಬೆಲೆ ಕೇಳಿ ಅಂಗಡಿಯವನನ್ನು ನೋಡುವ ಹಾಗೆ, ಇನ್ನೂ ನಂಬುವುದೋ ಬೇಡವೋ ಎಂದು ತೀರ್ಮಾನಿಸದ ನೋಟ. ಅವನು ನೆಲ ನೋಡಿದ. ಬೂಟಿಗೆ ನೊರೆ ಅಂಟಿತ್ತು, ಅದರ ಗುಳ್ಳೆಗಳು ಒಂದೊಂದೇ ಒಡೆಯುತ್ತಿದ್ದವು. "ರೋ," ಅಂದ. "ಒಂದು ವಿಷಯ." ಅಷ್ಟರಲ್ಲಿ ಬ್ರಿನ್ ಗುಂಡಿ ಒತ್ತಿಬಿಟ್ಟಿದ್ದಳು.

ಅವನಿಗೆ ನೆನಪಿದ್ದದ್ದಕ್ಕಿಂತ ಎಲ್ಲ ಹೆಚ್ಚು ಸ್ಪಷ್ಟವಾಗಿತ್ತು. ತೊಳೆದ ಚಿತ್ರದಲ್ಲಿ ಅಮ್ಮನ ಮೇಲ್ತುಟಿಯ ಬೆವರು ಕಾಣುತ್ತಿತ್ತು, ಹಣೆಗೆ ಅಂಟಿದ ಬಿಳಿ ಕೂದಲಿನ ಎಳೆಗಳು ಕಾಣುತ್ತಿದ್ದವು. ಅವಳು ಹೆಗಲಿನಿಂದ ಕೋಟು ಇಳಿಸಿದಳು. ಕೈ ಬಂತು. ಎಂಥ ಚಿಕ್ಕ ಪ್ರಾಯದ ಕೈ, ಕಪ್ಪು ರೋಮ, ಅಗ್ಗದ ಗಡಿಯಾರ. ಕೋಟು ಎಳೆಯಿತು, ತಟ್ಟಿತು, ಒಂದು, ಎರಡು. ಅದು ನಾಲ್ಕನೆಯ ಸುತ್ತು. ಇನ್ನೆರಡು ಬಾಕಿಯಿದ್ದವು. ಅಮ್ಮ ತಿರುಗಿ ಏನೋ ಅಂದಳು, ಧ್ವನಿಯಿಲ್ಲ, ಬರೀ ಹಾಡು. ಆಮೇಲೆ ನಕ್ಕಳು.

"ಇನ್ನೊಂದ್ಸಲ ಹಾಕಮ್ಮ," ಅಂದಳು ರೊವೀನಾ.

ಎರಡನೆಯ ಸಲ ಅಮ್ಮ ತಿರುಗಿದಾಗ ರೊವೀನಾಳ ತುಟಿಗಳು ಅಲ್ಲಾಡಿದವು. ಇದನ್ನು ಡೆಲ್ಬರ್ಟ್ ಲೆಕ್ಕಕ್ಕೆ ಹಿಡಿದಿರಲಿಲ್ಲ. ಪ್ಯಾಕಿಂಗ್ ಶೆಡ್ಡಿನಲ್ಲಿ ಹಣ್ಣು ಉರುಳುವ ಪಟ್ಟಿಗಳ ಗದ್ದಲಕ್ಕೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಸಾಲಿನ ಈ ಬದಿಯ ಹೆಂಗಸರು ಆ ಬದಿಯ ಹೆಂಗಸರ ತುಟಿ ನೋಡಿಯೇ ಊರಿನ ಸುದ್ದಿಯನ್ನೆಲ್ಲ ಆಡಿ ಮುಗಿಸುತ್ತಿದ್ದರು. ಅಕ್ಕ ಹದಿನಾರಕ್ಕೆ ಅಲ್ಲಿಗೆ ಹೋದವಳು, ಅಮ್ಮನ ಎದುರು ಸಾಲಿನಲ್ಲಿ ಹನ್ನೆರಡು ವರ್ಷ ನಿಂತವಳು. ಅವನೊಬ್ಬನೇ ಆ ಮನೆಯಲ್ಲಿ ಶೆಡ್ಡಿಗೆ ಹೋಗದವನು, ಓದಿದವನು, ಟೀವಿಯ ಕೆಲಸ ಹಿಡಿದವನು.

"ಏನಂದ್ರು ಮೇಡಂ? ಗೊತ್ತಾಯ್ತಾ?" ಬ್ರಿನ್ ಮುಂದೆ ಬಾಗಿದಳು. "ನಾವು ನಾಲ್ಕು ತಿಂಗಳಿಂದ ತಲೆ ಕೆಡಿಸ್ಕೊಂಡಿದೀವಿ. ಥ್ಯಾಂಕ್ಯೂ ಅಂದಿರ್ಬೇಕು ಅಂತ ನಾನು."

ರೊವೀನಾ ಪರದೆಯನ್ನೇ ನೋಡುತ್ತಿದ್ದಳು. ಅಲ್ಲಿ ಅಮ್ಮ ಕೈಯೆತ್ತಿದ ಹಾಗೇ ನಿಂತಿದ್ದಳು. "ನಂಗೆ ಆಗ್ತಿಲ್ಲ ಕಣೋ ಡೆಲ್," ಎಂದಳು ರೊವೀನಾ, ತನ್ನ ದನಿಯಲ್ಲೇ, ಯಾವ ಒತ್ತೂ ಇಲ್ಲದೆ, ಚೀಟಿ ಓದಿದ ಹಾಗೆ. "ಸಾಕು ಬಿಡೋ ಅಂತಾಳೆ."

ಹೊರಗೆ ತುತ್ತೂರಿ ಊದಿ, ನಿಂತಿತು. ಯಾರೋ ಮೈಕಿನಲ್ಲಿ ಜನರನ್ನು ಮತ್ತೆ ಹಗ್ಗದ ಹತ್ತಿರ ಕರೆಯುತ್ತಿದ್ದರು. ಅವನ ಕೆಲಸ, ಇನ್ನೊಬ್ಬನ ಬಾಯಲ್ಲಿ. ಡೆಲ್ಬರ್ಟ್ ಡಾಕ್ಟರ ಮಾತನ್ನು ಹುಡುಕಿದ. ಇಷ್ಟು ವರ್ಷ ಮಡಚಿಟ್ಟು, ತೆಗೆದು ನೋಡಿ, ಮಡಿಕೆಯಲ್ಲೇ ಹರಿದುಹೋಗಿದ್ದ ಮಾತು. ಈ ಹೃದಯ ಇಷ್ಟು ದಿನ. "ನೆರಳಲ್ಲಿದ್ಳು ಅಂದಿದ್ದೆ," ಅಂದಳು ರೊವೀನಾ. ಪ್ರಶ್ನೆಯಲ್ಲ. ಅವನು "ಹೂಂ" ಅಂದ. "ಬರ್ಲೇ ಇಲ್ಲ ಅಂದೆ." "ಹೂಂ." ಅವಳು ಕೈಚೀಲದ ಬಾಯಿ ತೆರೆದು, ಮುಚ್ಚಿ, ತೆರೆದಳು, ಏನೂ ತೆಗೆಯಲಿಲ್ಲ. "ನಾನು ಪತ್ರ ಬರೆದಾಗೆಲ್ಲ ಓದಿ ಹೇಳ್ತಿದ್ನಲ್ಲೋ ನಿಂಗೆ," ಅಂದಳು. ಅವನಿಗೆ ಅಳು ಬಂದರೆ ಚೆನ್ನಾಗಿತ್ತು ಅನ್ನಿಸಿತು. ಬಂದದ್ದು ಬರೀ ದಣಿವು. ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಂತ ಮೇಲೆ ಮಂಡಿಯಿಂದ ಮೇಲೇರುವ ದಣಿವು, ಎಲ್ಲಾದರೂ ಕೂತುಬಿಡಬೇಕೆಂಬ ಆಸೆ. ಕೋಣೆಯಲ್ಲಿ ಇನ್ನೊಂದು ಕುರ್ಚಿ ಇರಲಿಲ್ಲ.

ಬ್ರಿನ್ ಅಕ್ಕನನ್ನೂ ತಮ್ಮನನ್ನೂ ನೋಡಿದಳು. ಅವಳಿಗೆ ಪೂರ್ತಿ ತಿಳಿಯದಿದ್ದರೂ, ಕೈ ಯಾರದೆಂಬುದೂ ಅದರಿಂದ ಏನೋ ಆಗಿದೆಯೆಂಬುದೂ ಹೊಳೆದಿತ್ತು, ಮುಖ ಕೆಂಪಾಗಿತ್ತು. ಏನನ್ನಾದರೂ ಸರಿಪಡಿಸಬಲ್ಲೆ ಎನ್ನುವ ವಯಸ್ಸು ಅವಳದು. "ನೋಡಿ, ಒಂದು ಮಾಡ್ಬಹುದು," ಅಂದಳು ಮೆಲ್ಲಗೆ. "ಆ ಕೈ ಬೇಡ ಅಂದ್ರೆ ತೆಗೆದುಬಿಡ್ಬಹುದು. ಈಗೆಲ್ಲ ಅರ್ಧ ಗಂಟೆ ಕೆಲಸ. ಕೋಟು ತಾನಾಗೇ ಹೆಗಲ ಮೇಲೆ ಇದ್ದ ಹಾಗೆ ಮಾಡ್ತೀವಿ, ಅವ್ರು ತಿರುಗೋದನ್ನೂ ಬಿಡ್ತೀವಿ. ಬರೀ ನಗೋದು, ಕೈಬೀಸೋದು. ಯಾರಿಗೂ ಗೊತ್ತಾಗಲ್ಲ."

"ಆಗುತ್ತಾ?" ಅಂದ ಡೆಲ್ಬರ್ಟ್.

ಬಾಯಿಂದ ಹೊರಟ ಮೇಲೆ ಅವನಿಗೆ ಕೇಳಿಸಿತು: ಎಷ್ಟು ಬೇಗ ಕೇಳಿದ, ದನಿಯಲ್ಲಿ ಎಂಥ ಆತುರ. ಕೊಂಬು ಮುಂದಕ್ಕೆ ವಾಲಿ ಕಣ್ಣಿನ ಮೇಲೆ ಬಂತು. ಅವನು ಅದನ್ನು ಹಿಂದೆ ತಳ್ಳಿದ. ತಳ್ಳಿದ ಕೈಯನ್ನು ಅಕ್ಕ ನೋಡುತ್ತಿದ್ದಳು. ಚರ್ಮ ಸಡಿಲವಾಗಿದೆ, ರೋಮ ಬೆಳ್ಳಗಾಗಿದೆ, ಅದೇ ಕೈ. ಕೆಳಗಿಳಿಸಿ ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದೆ ಇಟ್ಟುಕೊಂಡ.

"ಖಂಡಿತ ಆಗುತ್ತೆ," ಅಂದಳು ಬ್ರಿನ್, ಸಮಾಧಾನದಿಂದ. "ಮೇಡಂ, ನೀವು ಹೂಂ ಅಂದ್ರೆ ಇವತ್ತೇ ಮಾಡಿಸ್ತೀನಿ. ನಿಮಗೆ ಒಂದು ಪ್ರತಿ, ಮಿಸ್ಟರ್ ಡೆಲ್‌ಗೆ ಒಂದು."

"ಬೇಡ," ಅಂದಳು ರೊವೀನಾ.

"ಅಲ್ಲ, ಸ್ವಲ್ಪ ಯೋಚಿಸಿ..."

"ಬೇಡಮ್ಮ. ಏನೂ ಮುಟ್ಬೇಡ. ಆ ಕೈ ಇದ್ದ ಹಾಗೇ ಇರ್ಲಿ."